ಮುರಿದ ಬಿಲ್ಲೆ, ಮುರಿಯದ ಬಿಲ್ಲೆ

ಎರಡನೇ ಮಹಾಯುದ್ಧದ ಹಳೇ ಫೋಟೊಗಳಲ್ಲಿ ನೋಡಿರುತ್ತೀರಿ. ರಷ್ಯಾದ ಬಯಲಿನಲ್ಲಿ ಸಾಲಾಗಿ ಮರದ ಶಿಲುಬೆಗಳು, ಕೆಲವದರ ಮೇಲೆ ಉಕ್ಕಿನ ಹೆಲ್ಮೆಟ್. ಸತ್ತ ಜರ್ಮನ್ ಸೈನಿಕನನ್ನು ಜೊತೆಗಾರರು ರಣರಂಗದ ಪಕ್ಕದಲ್ಲೇ ಮಣ್ಣು ಮಾಡಿ, ಕೈಗೆ ಸಿಕ್ಕ ಬರ್ಚ್ ಮರ ಕಡಿದು ನೆಟ್ಟ ಗುರುತು ಅದು. ಇವತ್ತು ಅಲ್ಲಿಗೆ ಹೋದರೆ ಅಂಥದ್ದೊಂದು ಶಿಲುಬೆ ಸಿಗುವುದೇ ಅಪರೂಪ.

ಹಲವನ್ನು ಜನರೇ ಕಿತ್ತುಹಾಕಿದರು. ತಮ್ಮ ಊರು ಸುಟ್ಟವರ ಗೋರಿಯನ್ನು ಯಾರು ಕಾಯುತ್ತಾರೆ ಹೇಳಿ? ಉಳಿದದ್ದನ್ನು ಮರವೇ ಮುಗಿಸಿತು. ಬರ್ಚ್ ತೊಗಟೆ ನೀರನ್ನು ಒಳಗೆ ಬಿಡುವುದಿಲ್ಲ, ಒಳಗಿನ ತೇವವನ್ನು ಹೊರಗೂ ಬಿಡುವುದಿಲ್ಲ. ತೊಗಟೆ ಸಮೇತ ನೆಟ್ಟ ಕಂಬಕ್ಕೆ ಕಡಿದ ತುದಿಯಿಂದ ನೀರು ಇಳಿಯಿತು ಅಂದರೆ ಒಣಗಲು ದಾರಿಯೇ ಇಲ್ಲ, ಶಿಲೀಂಧ್ರ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಹೊರಗೆ ಬೆಳ್ಳನೆಯ ತೊಗಟೆ ನೆಟ್ಟಗೆ ನಿಂತಿರುತ್ತದೆ, ಒತ್ತಿದರೆ ಒಳಗೆಲ್ಲ ಪುಡಿ.

ನಿಜವಾಗಿ ಉಳಿಯುವ ಗುರುತು ಇರುವುದು ಮಣ್ಣಿನಡಿ, ಸೈನಿಕನ ಕೊರಳಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ, ಮೊಟ್ಟೆಯಾಕಾರದ ಒಂದು ಬಿಲ್ಲೆ. ನಡುವೆ ಅಡ್ಡಕ್ಕೆ ಸೀಳುಗಳು, ಬಗ್ಗಿಸಿದರೆ ಎರಡು ತುಂಡಾಗಲಿ ಅಂತ. ಮೇಲರ್ಧಕ್ಕೆ ದಾರ ಪೋಣಿಸಲು ಎರಡು ತೂತು, ಕೆಳಗಿನದಕ್ಕೆ ಒಂದೇ. ಎರಡರ ಮೇಲೂ ಅದದೇ ಬರಹ: ದಳದ ಹೆಸರು, ಒಂದು ಸಂಖ್ಯೆ, ಸಾಮಾನ್ಯವಾಗಿ ರಕ್ತದ ಗುಂಪು. ಸೈನಿಕನ ಹೆಸರು ಮಾತ್ರ ಇಲ್ಲ! ದಳ ಅಂದರೂ ಅವನು ಸತ್ತಾಗ ಇದ್ದ ದಳವಲ್ಲ, ಬಿಲ್ಲೆ ಕೊಟ್ಟ ದಳ, ಎಷ್ಟೋ ಸಲ ಊರ ಹತ್ತಿರದ ತರಬೇತಿ ದಳ. ಈ ಸಂಖ್ಯೆ ಯಾರದು ಅಂತ ಹೇಳುವ ಪಟ್ಟಿಗಳು ಬರ್ಲಿನ್ನಿನ ಕಚೇರಿಯೊಂದಕ್ಕೆ ಹೋಗುತ್ತಿದ್ದವು. ಅದರ ಕಾಗದಗಳೆಲ್ಲ 2019ರಿಂದ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿವೆ.

ಸೈನಿಕ ಸತ್ತರೆ ಕೆಳಗಿನ ಅರ್ಧ ಮುರಿದು ಕಳಿಸಬೇಕು, ಮೇಲಿನ ಅರ್ಧ ಹೆಣದ ಜೊತೆಗೇ ಇರಬೇಕು. ಹಾಗಾಗಿ ಅಗೆದಾಗ ಅರ್ಧ ಬಿಲ್ಲೆ ಸಿಕ್ಕರೆ, ಯಾರೋ ಪಕ್ಕದಲ್ಲಿದ್ದು ಹೂತು ವರದಿ ಮಾಡಿದ್ದಾರೆ ಅಂತ ಊಹಿಸಬಹುದು. ಇಡೀ ಬಿಲ್ಲೆ ಸಿಕ್ಕರೆ, ಮುರಿಯಲು ಯಾರೂ ಉಳಿದಿರಲಿಲ್ಲ, ಇಲ್ಲವೇ ಪುರುಸೊತ್ತಿರಲಿಲ್ಲ. ಅಂಥವನು ಕಡತದಲ್ಲಿ ಹೆಚ್ಚಾಗಿ ಇನ್ನೂ 'ಕಾಣೆಯಾದವನು'.

ಹುಡುಕುವ ಕೆಲಸ, ಯುದ್ಧದಲ್ಲಿ ಸತ್ತ ಜರ್ಮನ್ನರ ಗೋರಿಗಳನ್ನು ನೋಡಿಕೊಳ್ಳುವ ಫೋಲ್ಕ್ಸ್‌ಬುಂಡ್ ಎಂಬ ಜರ್ಮನ್ ಸಂಸ್ಥೆಯದು. ಹುಟ್ಟಿದ್ದು 1919ರಲ್ಲಿ, ಆದರೆ ರಷ್ಯಾದ ಬಾಗಿಲು ತೆರೆದದ್ದು 1992ರ ಒಪ್ಪಂದದ ಮೇಲೆ. ಆ ಹೊತ್ತಿಗೆ ಗುರುತುಗಳೆಲ್ಲ ಹೋಗಿ ಅರ್ಧ ಶತಮಾನ! ಹಳೇ ನಕ್ಷೆ, ಊರ ಮುದುಕರ ನೆನಪು, ಮೆಟಲ್ ಡಿಟೆಕ್ಟರ್, ಉದ್ದನೆಯ ಸಲಾಕೆ, ಇಷ್ಟೇ ಆಧಾರ. ಸಲಾಕೆ ಯಾಕೆ ಅಂದರೆ, ಒಮ್ಮೆ ಅಗೆದ ಮಣ್ಣು ಮತ್ತೆ ಮೊದಲಿನಂತಾಗುವುದಿಲ್ಲ. ಮೇಲಿನ ಕಪ್ಪು ಮಣ್ಣು, ಕೆಳಗಿನ ಹಳದಿ ಮಣ್ಣು ಕಲಸಿಹೋಗಿರುತ್ತವೆ, ಅಲ್ಲಿ ಸಲಾಕೆ ಸಲೀಸಾಗಿ ಇಳಿಯುತ್ತದೆ. ಮೇಲ್ಮಣ್ಣು ಕೆರೆದರೆ ಗುಂಡಿಯ ಆಕಾರ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಮೂಳೆಯೂ ಮಾತಾಡುತ್ತದೆ. ಕೊರಳ ಬುಡದ ಕಾಲರ್ ಮೂಳೆಯ ಎದೆಯ ಕಡೆಯ ತುದಿ ಉಳಿದ ಮೂಳೆಗೆ ಪೂರ್ತಿ ಬೆಸೆದುಕೊಳ್ಳುವುದು ಇಪ್ಪತ್ತು ದಾಟಿದ ಎಷ್ಟೋ ವರ್ಷಗಳ ಮೇಲೆ. ಬೆಸೆಯದೇ ಇದ್ದರೆ ಹುಡುಗ ಅಂತ ಗೊತ್ತಾಗುತ್ತದೆ, ಯಾರ ಮನೆಯವನು ಅಂತಲ್ಲ. ಅದಕ್ಕೆ ಬಿಲ್ಲೆಯೇ ಬೇಕು. ಬಿಲ್ಲೆಯದ್ದೂ ಒಂದು ತಾಪತ್ರಯ: ಹಲವು ಬಿಲ್ಲೆಗಳು ಸತುವಿನವು. ಹುಳಿ ಮಣ್ಣಿನಲ್ಲಿ ಸತು ಬೇಗ ಸವೆದು ಅಕ್ಷರ ಅಳಿಸಿಹೋಗುತ್ತದೆ. ಅಲ್ಯೂಮಿನಿಯಂ ಆದರೆ ಎಷ್ಟೋ ವಾಸಿ.

ರಷ್ಯಾದ ವೋಲ್ಗಾಗ್ರಾಡ್ (ಯುದ್ಧದ ಕಾಲದ ಸ್ಟಾಲಿನ್‌ಗ್ರಾಡ್) ಹತ್ತಿರ ರೊಸೋಷ್ಕಾದಲ್ಲಿ 1999ರಲ್ಲಿ ತೆರೆದ ಜರ್ಮನ್ ಸ್ಮಶಾನವಿದೆ. ಇಂಥ ಬಯಲ ಗುಂಡಿಗಳಿಂದ ತೆಗೆದವರನ್ನು ಅಲ್ಲಿ ಮತ್ತೆ ಹೂಳುತ್ತಾರೆ. ರಸ್ತೆಯ ಆಚೆ ಬದಿಗೆ ಸೋವಿಯೆತ್ ಸೈನಿಕರ ಗೋರಿಗಳು. ಜರ್ಮನ್ ಭಾಗದಲ್ಲಿ ದೊಡ್ಡ ದೊಡ್ಡ ಗ್ರಾನೈಟ್ ಕಲ್ಲುಗಳ ಮೈತುಂಬಾ ಹೆಸರುಗಳು, ದೇಹ ಸಿಗದೇ ಹೋದವರವು.

ಫೋಲ್ಕ್ಸ್‌ಬುಂಡ್‌ನವರಿಗಿಂತ ಮೊದಲೇ ಅಗೆಯುವ ಇನ್ನೊಂದು ಗುಂಪಿದೆ, ಗೋರಿಗಳ್ಳರು. ಪದಕ, ಬಕಲ್, ಹೆಲ್ಮೆಟ್ಟಿಗಾಗಿ ರಾತ್ರೋರಾತ್ರಿ ಮೂಳೆ ಚೆಲ್ಲಾಪಿಲ್ಲಿ ಮಾಡಿ ಹೋಗುತ್ತಾರೆ, ಬಿಲ್ಲೆಯನ್ನೂ ಬಿಡುವುದಿಲ್ಲ. ತೊಳೆದು ಉಜ್ಜಿ ಮಾರುತ್ತಾರೆ. ಅರ್ಧಕ್ಕಿಂತ ಇಡೀ ಬಿಲ್ಲೆಗೆ ಬೆಲೆ ಜಾಸ್ತಿ.