ಹಿಮ್ಮಡಿ ಹಿಡಿಯುವ ನಾಯಿ

ಕಳೆದ ದೀಪಾವಳಿಗೆ ನಮ್ಮ ಮನೆಗೆ ಬಾರ್ಡರ್ ಕಾಲಿ ಎಂಬ, ಕುರಿ ಅಟ್ಟುವ ತಳಿಯ ಒಂದು ನಾಯಿ ಬಂತು. ಪುಣೆಯಲ್ಲಿರುವ ತಮ್ಮ ಅದನ್ನು ಫ್ಲ್ಯಾಟಿನಲ್ಲಿ ಸಾಕಿದ್ದ. ಎರಡು ಕೋಣೆಯ ಮನೆಯಲ್ಲಿ ಅದಕ್ಕೆ ಕಾಲು ನಿಲ್ಲುತ್ತಿರಲಿಲ್ಲ. "ಊರಾಗ ಜಾಗ ಐತಿ, ಅಲ್ಲೇ ಇರಲಿ ಅಣ್ಣಾ" ಅಂತ ಮಹಾರಾಷ್ಟ್ರದ ಗಡಿಯಲ್ಲಿರುವ ಜತ್ತ ತಾಲೂಕಿನ ನಮ್ಮ ಹಳ್ಳಿಗೆ ತಂದು ಬಿಟ್ಟ. ಹೆಸರು ಬಂಟಿ. ಒಂದೂವರೆ ವರ್ಷದ ಗಂಡು, ಕಪ್ಪು ಮೈ, ಬಿಳಿ ಕೊರಳು.

ರಜೆ ಇರುವ ತನಕ ಎಲ್ಲ ಚೆನ್ನಾಗಿತ್ತು. ಶಾಲೆ ಶುರುವಾದ ದಿನ ಸಂಜೆ ಗಂಟೆ ಹೊಡೆಯಿತು. ಕನ್ನಡ ಶಾಲೆಯ ಮಕ್ಕಳು ನಮ್ಮ ಅಂಗಳದ ಮುಂದೆ ಹೋ ಎಂದು ಓಡಿಬಂದರು. ಬಂಟಿ ತಲೆ ತಗ್ಗಿಸಿತು. ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿತು. ಕಣ್ಣು ಮಿಟುಕಿಸದೆ ನೋಡಿತು. ಆಮೇಲೆ ನೇರವಾಗಿ ಹೋಗದೆ ಬಳಸಿಕೊಂಡು ಓಡಿ, ಎಲ್ಲರಿಗಿಂತ ಹಿಂದಿದ್ದ ಹುಡುಗಿಯ ಹಿಮ್ಮಡಿಗೆ ಚುಟುಕ್ಕನೆ ಹಲ್ಲು ತಾಗಿಸಿ ಬಿಟ್ಟುಬಿಟ್ಟಿತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ಹುಡುಗಿ ಚೀರಿ ಇನ್ನೂ ಜೋರಾಗಿ ಓಡಿದಳು. ಬಂಟಿಯೂ ಇನ್ನೂ ಜೋರಾಗಿ ಓಡಿತು.

ಅವತ್ತು ನಾನು ಅದಕ್ಕೆ ಕೋಲಿನಿಂದ ಹೊಡೆದೆ. ಅದು ತಪ್ಪು ಎಂದು ಆಮೇಲೆ ಗೊತ್ತಾಯಿತು. ಮರುದಿನವೂ ಅದು ಅದನ್ನೇ ಮಾಡಿತು. ಆದರೆ ಈಗ ನನ್ನ ಕೈಗೆ ಸಿಗದಷ್ಟು ದೂರ ನಿಂತು ಮಾಡಿತು.

ವಿಷಯ ಬಿಡಿಸಿ ಹೇಳಿದವರು ಮಾಡಗ್ಯಾಳದ ಕಡೆಯಿಂದ ಕುರಿ ಹೊಡೆದುಕೊಂಡು ಬರುವ ಒಬ್ಬ ಕಾಕಾ. ಕಟ್ಟೆಯ ಮೇಲೆ ಕುಳಿತು ಒಂದು ಸಂಜೆ ಪೂರ್ತಿ ನೋಡಿದರು. "ಇದಕ್ಕ ಸಿಟ್ಟಿಲ್ಲೋ ತಮ್ಮಾ. ಇದಕ್ಕ ಕುರಿ ಇಲ್ಲ. ಹುಡುಗರನ್ನ ಕುರಿ ಮಾಡ್ಕೊಂಡೈತಿ" ಅಂದರು. ಪ್ರಾಣಿಗಳ ನಡವಳಿಕೆ ಓದಿದವರು ಹೇಳುವುದೂ ಇದನ್ನೇ.

ತೋಳ ಬೇಟೆಯಾಡುವಾಗ ಹಂತ ಹಂತವಾಗಿ ಮುಂದುವರಿಯುತ್ತದೆ. ಮೊದಲು ಬೇಟೆಯ ಕಡೆ ತಿರುಗುತ್ತದೆ. ಆಮೇಲೆ ದಿಟ್ಟಿಸಿ ನೋಡುತ್ತದೆ, ಹೊಂಚುತ್ತದೆ, ಬೆನ್ನಟ್ಟುತ್ತದೆ, ಕಚ್ಚಿ ಹಿಡಿಯುತ್ತದೆ, ಕೊಲ್ಲುತ್ತದೆ, ಸೀಳಿ ತಿನ್ನುತ್ತದೆ. ಅಮೆರಿಕದ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ನಾಯಿ ತಳಿಗಳನ್ನು ಈ ಸರಪಳಿಯ ಮೇಲೆ ಇಟ್ಟು ನೋಡಿದರು. ಮನುಷ್ಯ ತನಗೆ ಬೇಕಾದ ಕೊಂಡಿಗಳನ್ನು ಗಟ್ಟಿ ಮಾಡಿ, ಬೇಡವಾದವನ್ನು ಸಡಿಲ ಮಾಡಿದ್ದಾನೆ. ಬಾರ್ಡರ್ ಕಾಲಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಬೆನ್ನಟ್ಟುವುದು ತುಂಬಾ ಜಾಸ್ತಿ. ಕೊಲ್ಲುವ ಕೊಂಡಿ ಸಡಿಲ. ಹಿಡಿಯುವ ಕೊಂಡಿ ನಡುವೆ ಎಲ್ಲೋ ಉಳಿದುಕೊಂಡಿದೆ. ಆ ಹುಡುಗಿಯ ಹಿಮ್ಮಡಿಗೆ ತಾಗಿದ್ದು ಅದೇ.

ಈ ತಳಿ ಹುಟ್ಟಿದ್ದೂ ಒಂದು ಗಡಿನಾಡಿನಲ್ಲೇ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗುಡ್ಡಗಳಲ್ಲಿ. ಗಡಿಯವನಾದ ನನಗೆ ಇದು ಇಷ್ಟವಾದ ಸಂಗತಿ. 1893ರಲ್ಲಿ ನಾರ್ಥಂಬರ್‌ಲ್ಯಾಂಡಿನ ಆಡಮ್ ಟೆಲ್ಫರ್ ಎಂಬ ರೈತನ ಮನೆಯಲ್ಲಿ 'ಓಲ್ಡ್ ಹೆಂಪ್' ಎಂಬ ಗಂಡುಮರಿ ಹುಟ್ಟಿತು. ಬೊಗಳದೆ, ಬರೀ ಕಣ್ಣಿನಿಂದಲೇ ಕುರಿಗಳನ್ನು ಸರಿಸುತ್ತಿತ್ತು. ಇಂದಿನ ಬಾರ್ಡರ್ ಕಾಲಿಗಳೆಲ್ಲ ಬಹುಮಟ್ಟಿಗೆ ಅದರ ಸಂತತಿ. ದನ ಹೊಡೆಯುವ ತಳಿಗಳ ಕಥೆ ಬೇರೆ. ದನ ಬರೀ ಕಣ್ಣಿಗೆ ಬಗ್ಗುವುದಿಲ್ಲ. ಅದಕ್ಕೇ ವೇಲ್ಸಿನ ಕಾರ್ಗಿ, ಆಸ್ಟ್ರೇಲಿಯಾದ ದನಗಾವಲು ನಾಯಿಗಳು ಹಿಂಗಾಲಿಗೆ ಚುಟುಕ್ಕನೆ ಕಚ್ಚಿ, ಒದೆ ಬೀಳುವ ಮೊದಲೇ ನೆಲಕ್ಕೆ ಬಾಗುತ್ತವೆ. ಅವುಗಳಲ್ಲಿ ಕಚ್ಚಿ ಹಿಡಿಯುವ ಕೊಂಡಿಯನ್ನೇ ಬೇಕೆಂದು ಉಳಿಸಿಕೊಂಡಿದ್ದಾರೆ.

2022ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಸಾವಿರಕ್ಕೂ ಹೆಚ್ಚು ನಾಯಿ, ತೋಳಗಳ ಡಿಎನ್‌ಎ ಹೋಲಿಸಿ ನೋಡಿದರು. ಕುರಿ ಅಟ್ಟುವ ತಳಿಗಳಲ್ಲಿ ವ್ಯತ್ಯಾಸ ಎದ್ದು ಕಂಡದ್ದು ಎಲ್ಲಿ ಗೊತ್ತೇ? ಮೆದುಳು ಬೆಳೆಯುವಾಗ ನರತಂತುಗಳು ಎಲ್ಲಿಗೆ ಹೋಗಿ ಸೇರಬೇಕು ಎಂದು ದಾರಿ ತೋರಿಸುವ ಜೀನ್‌ಗಳ ಆಸುಪಾಸಿನಲ್ಲಿ. ಹಾಗಂತ ಎಲ್ಲವನ್ನೂ ತಳಿಯ ತಲೆಗೆ ಕಟ್ಟುವಂತಿಲ್ಲ. ಅದೇ ವರ್ಷ 18 ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ನಾಯಿ ನಾಯಿಗಳ ನಡವಳಿಕೆಯ ವ್ಯತ್ಯಾಸಕ್ಕೆ ತಳಿ ಕಾರಣವಾಗುವುದು ಸುಮಾರು ನೂರಕ್ಕೆ 9 ಪಾಲು ಮಾತ್ರ ಎಂದು ಕಂಡಿತು. ಬೀದಿಯ ಮರಿಯೂ ಹಿಮ್ಮಡಿ ಹಿಡಿಯಬಹುದು. ಕಾಲಿಯೂ ಸುಮ್ನೆ ಮಲಗಿರಬಹುದು.

ಕಾಕಾನ ಹಿಂಡಿನಲ್ಲಿ ಮೋತಿ ಎಂಬ ನಾಯಿ ಇದೆ. ಮರಿಗಳು ಅದರ ಮೈಮೇಲೆ ಹತ್ತಿ ಹಾರಿದರೂ ಏಳುವುದಿಲ್ಲ. ನಮ್ಮ ಕಡೆ ಕುರಿ ಹೊಡೆಯುವವನು ಮನುಷ್ಯನೇ. ಅವನ ಸೀಟಿ, ಅವನ 'ಹುರ್ರ್', ಹೆಗಲ ಮೇಲಿನ ಕೋಲು. ನಾಯಿಯ ಕೆಲಸ ರಾತ್ರಿ ತೋಳ ಬಂದರೆ ಎದ್ದು ನಿಲ್ಲುವುದು. ಅಂಥ ನಾಯಿಯಲ್ಲಿ ಬೇಟೆಯ ಸರಪಳಿ ಎಲ್ಲ ಕಡೆ ಸಡಿಲವಾಗಿರಬೇಕು. ಕಣ್ಣು ಬಿಟ್ಟ ಕೆಲವೇ ದಿನಕ್ಕೆ ಮೋತಿಯನ್ನು ಕುರಿಗಳ ನಡುವೆ ಬಿಟ್ಟಿದ್ದರಂತೆ. ಮೂರನೇ ವಾರದಿಂದ ಮೂರು ತಿಂಗಳವರೆಗೆ ನಾಯಿಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನೇ ತನ್ನವರೆಂದು ತಿಳಿಯುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಅದು ಕುರಿಮರಿ ಅಟ್ಟಲು ಶುರು ಮಾಡಿದಾಗ, ಕೊರಳಿಗೆ ಒಂದು ಕಟ್ಟಿಗೆ ತುಂಡು ಇಳಿಬಿಟ್ಟರು. ಓಡಿದರೆ ಅದು ಮುಂಗಾಲಿಗೆ ಅಡ್ಡ ಬರುತ್ತಿತ್ತು. ಅಟ್ಟುವ ರುಚಿ ಹತ್ತಲೇ ಇಲ್ಲ.

ಆ ರುಚಿಯೇ ಇಲ್ಲಿ ಮುಖ್ಯ. ಬೆನ್ನಟ್ಟುವ ನಾಯಿಗೆ ಬೇರೆ ಬಹುಮಾನ ಬೇಕಿಲ್ಲ, ಬೆನ್ನಟ್ಟುವುದೇ ಬಹುಮಾನ. ಮಗು ಚೀರಿ ಓಡಿದರೆ ಬಹುಮಾನ ಇಮ್ಮಡಿ. ಹೊಡೆದರೆ ಮೈಯಲ್ಲಿ ಗಾಬರಿ ಏರುತ್ತದೆ, ಗಾಬರಿಯಲ್ಲಿರುವ ನಾಯಿಯ ಹಲ್ಲು ಇನ್ನೂ ಬೇಗ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಮಕ್ಕಳು ಬಂದಾಗಲೆಲ್ಲ ಏಟು ಬೀಳುತ್ತದೆ ಎಂದು ಅದು ಕಲಿತರೆ ಮಕ್ಕಳನ್ನೇ ದ್ವೇಷಿಸಬಹುದು. ಆಗ ಆಟದ ಹಲ್ಲು ಸಿಟ್ಟಿನ ಹಲ್ಲಾಗುತ್ತದೆ.

ಹಾಗಾಗಿ ಬಂಟಿಗೆ ಮೊದಲು ಆ ಅವಕಾಶವನ್ನೇ ತಪ್ಪಿಸಿದೆವು. ಶಾಲೆ ಬಿಡುವ ಹೊತ್ತಿಗೆ ಉದ್ದ ಹಗ್ಗ ಕಟ್ಟಿ, ದಾರಿಯಿಂದ ದೂರ ದಾಳಿಂಬೆ ತೋಟದ ಬದುವಿಗೆ ಕರೆದೊಯ್ದೆ. ಐವತ್ತು ಹೆಜ್ಜೆ ದೂರದಲ್ಲಿ ಅದು ಮಕ್ಕಳನ್ನು ನೋಡುತ್ತಿತ್ತು, ಬಗ್ಗುತ್ತಿರಲಿಲ್ಲ. ನಲವತ್ತಕ್ಕೆ ಬಂದರೆ ಬಾಲ ಇಳಿದು, ತಲೆ ತಗ್ಗಿ, ಒಂದು ಮುಂಗಾಲು ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಆ ಕಾಲು ಎತ್ತುವ ಮೊದಲೇ ಮಾತಾಡಿಸಬೇಕು. ಎತ್ತಿದ ಮೇಲೆ ನಮ್ಮ ಮಾತು ಅದರ ಕಿವಿಗೆ ಬೀಳುವುದೇ ಇಲ್ಲ. ಅದು ಮಕ್ಕಳನ್ನು ಬಿಟ್ಟು ನನ್ನ ಕಡೆ ತಿರುಗಿದಾಗಲೆಲ್ಲ ಒಂದು ತುಂಡು ಬೇಯಿಸಿದ ಮೊಟ್ಟೆ. ನಾಲ್ಕೈದು ದಿನಕ್ಕೊಮ್ಮೆ ಐದು ಹೆಜ್ಜೆ ಹತ್ತಿರ. ಒಂದು ದಿನ ಬಗ್ಗಿದರೆ ಹತ್ತು ಹೆಜ್ಜೆ ಹಿಂದೆ.

ಜೊತೆಗೆ 'ಸಾಕು' ಎಂಬ ಮಾತು ಕಲಿಸಿದೆ. ಬ್ರಿಟನ್ನಿನ ಕುರಿಗಾಹಿಗಳೂ ಕೆಲಸ ಮುಗಿದಾಗ ಇದೇ ಅರ್ಥದ ಮಾತು ಹೇಳಿ ನಾಯಿಯನ್ನು ಹಿಂದಕ್ಕೆ ಕರೆಯುತ್ತಾರೆ. ಕೋಲಿನ ತುದಿಗೆ ಹಗ್ಗ, ಹಗ್ಗಕ್ಕೆ ಹಳೆ ಲುಂಗಿಯ ತುಂಡು ಕಟ್ಟಿ ನೆಲದ ಮೇಲೆ ಎಳೆದರೆ ಬಂಟಿ ಹೊಂಚುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ. ಸರಪಳಿಯ ಆಸೆ ಅಲ್ಲಿ ತೀರುತ್ತದೆ. ನಡುವೆ 'ಸಾಕು' ಅಂದರೆ ಬಿಟ್ಟು ಮಲಗಬೇಕು, ಮಲಗಿದರೆ ಮತ್ತೆ ಆಟ. ಹತ್ತು ನಿಮಿಷ ಸಾಕು. ಜಾಸ್ತಿ ಓಡಿಸಿದರೆ ಇಂಥ ನಾಯಿ ದಣಿಯುವ ಬದಲು ಇನ್ನೂ ಕೆರಳುತ್ತದೆ. ಮಧ್ಯಾಹ್ನ ಕತ್ತಲೆ ಕೋಣೆಯಲ್ಲಿ ನಿದ್ದೆಯೂ ಬೇಕು.

ಕುರಿಗಳ ಜೊತೆ ಬಿಟ್ಟರೆ ಹೇಗೆ ಎಂದು ಕಾಕಾನನ್ನು ಕೇಳಿದೆ. "ಗಬ್ಬದ ಕುರಿ ಅದಾವು, ಬ್ಯಾಡೋ" ಅಂದರು. ತರಬೇತಿ ಇಲ್ಲದ ನಾಯಿ ಅಟ್ಟಿದರೆ ಗಬ್ಬದ ಕುರಿ ಕಂದು ಹಾಕುತ್ತದೆ, ಅಂದರೆ ಗರ್ಭಪಾತವಾಗುತ್ತದೆ. ಅವರು ಹೇಳಿದ್ದು ಸರಿ.

ಮಕ್ಕಳಿಗೂ ಒಂದು ಆಟ ಹೇಳಿಕೊಟ್ಟೆವು, ಬೇವಿನ ಮರದ ಆಟ. ನಾಯಿ ಬಗ್ಗಿದ್ದು ಕಂಡರೆ ಓಟ ನಿಲ್ಲಿಸಿ, ಕೈ ಕಟ್ಟಿ, ಮರದ ಹಾಗೆ ನಿಲ್ಲಬೇಕು. ಚೀರಬಾರದು, ಕಣ್ಣಿಗೆ ಕಣ್ಣು ಕೊಡಬಾರದು. ಓಡದ ಕುರಿಯನ್ನು ಅಟ್ಟುವುದು ಹೇಗೆ? ಆದರೆ ಸಣ್ಣ ಮಕ್ಕಳನ್ನೂ ಇಂಥ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಲೇಬಾರದು.

ಒಂದು ಮಾತು ಎಲ್ಲರೂ ನೆನಪಿಡಬೇಕು. ಆಟದಲ್ಲೇ ಆಗಲಿ, ಹಲ್ಲು ತಾಗಿ ಚರ್ಮ ತರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆಯ ಬಗ್ಗೆ ಕೇಳಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇನ್ನೊಂದು ಚುಚ್ಚುಮದ್ದೂ ಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂಬಷ್ಟು ಕಡಿಮೆ. ಅವತ್ತಿನ ಹುಡುಗಿಗೂ ಹಿಮ್ಮಡಿ ತೊಳೆಸಿ ಲಸಿಕೆ ಹಾಕಿಸಿದೆವು. ಬಂಟಿಗೆ ವರ್ಷ ವರ್ಷ ತಪ್ಪದೆ ಹಾಕಿಸುತ್ತೇವೆ. ಇನ್ನು ಇಷ್ಟು ದಿನ ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಹಲ್ಲು ಹಾಕತೊಡಗಿದರೆ ಎಲ್ಲೋ ನೋವಿರಬಹುದು. ಮೊದಲು ದನದ ಡಾಕ್ಟರ ಹತ್ತಿರ ಕರೆದೊಯ್ಯಿರಿ.

ಈಗ ನಾಲ್ಕು ತಿಂಗಳಾಯಿತು. ಬಂಟಿ ಅಂಗಳದ ಕಟ್ಟೆಯ ಮೇಲೆ ನನ್ನ ಪಕ್ಕ ಕೂರುತ್ತದೆ. ಶಾಲೆಯ ಗಂಟೆ ಹೊಡೆದರೆ ಮೈ ಬಿಗಿಯಾಗುತ್ತದೆ, ಕಣ್ಣು ದಾರಿಗೆ ನೆಡುತ್ತದೆ. 'ಸಾಕು' ಅಂದರೆ ಒಂದು ಗಳಿಗೆ ತಡೆದು ನನ್ನ ಕಡೆ ತಿರುಗುತ್ತದೆ. ಹಗ್ಗವನ್ನು ನಾನಿನ್ನೂ ಬಿಚ್ಚಿಲ್ಲ. ಮೊನ್ನೆ ಆ ಹುಡುಗಿ ನಮ್ಮ ಮನೆ ಮುಂದೆ ಬಂದಾಗ ಓಟ ನಿಲ್ಲಿಸಿ, ಕೈ ಕಟ್ಟಿ, ಬೇವಿನ ಮರವಾಗಿ ನಿಂತಳು. ಬಂಟಿ ಅವಳನ್ನು ನೋಡಿತು, ಆಮೇಲೆ ಮೊಟ್ಟೆ ಇದ್ದ ನನ್ನ ಕೈಯನ್ನು ನೋಡಿತು.