ಕೀನ್ಯಾದಲ್ಲಿ ಎಂಟು ದಿನದ ಕೆಲಸ: ಹಳದಿ ಜ್ವರದ ಲಸಿಕೆ ಬೇಕೋ ಬೇಡವೋ?

ಪ್ರಶ್ನೆ: ಕಲಬುರಗಿಯಲ್ಲಿ ದಾಲ್ ಮಿಲ್ ಯಂತ್ರಗಳ ಫಿಟ್ಟರ್ ಆಗಿದ್ದೇನೆ. ಮೊಂಬಾಸಾದ ಒಂದು ಮಿಲ್ಲಿನಲ್ಲಿ ಯಂತ್ರ ಕೂಡಿಸಿಕೊಡಲು ಎಂಟು ದಿನದ ಮಟ್ಟಿಗೆ ಹೋಗಬೇಕಾಗಿದೆ. ವಿಮಾನಕ್ಕೆ ಇನ್ನು ನಾಲ್ಕು ವಾರ ಇದೆ. ಹಳದಿ ಜ್ವರದ ಲಸಿಕೆ ಮೊಂಬಾಸಾಕ್ಕೆ ಬೇಕಿಲ್ಲ ಅಂತ ಕೆಲವರು, ಕಡ್ಡಾಯ ಅಂತ ಕೆಲವರು. ಯಾವುದು ಖರೆ? ಮತ್ತೇನು ತಯಾರಿ ಮಾಡಿಕೊಳ್ಳಬೇಕು?

ಉತ್ತರ: ಹಾಕಿಸಿಕೊಳ್ಳಲೇಬೇಕು, ಅದೂ ಈ ವಾರವೇ ಓಡಾಟ ಶುರುಮಾಡಿ. ನಿಮಗೆ ಎರಡು ಥರದ ಮಾತು ಕೇಳಿಬರಲು ಕಾರಣವಿದೆ. ಮೊಂಬಾಸಾ, ನೈರೋಬಿ ನಗರಗಳಲ್ಲಿ ಈ ರೋಗ ತಗಲುವ ಸಂಭವ ಕಡಿಮೆ, ಹಾಗಾಗಿ ಅಷ್ಟಕ್ಕೇ ಹೋಗಿಬರುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯವಾಗಿ ಲಸಿಕೆ ಸೂಚಿಸುವುದಿಲ್ಲ. ಭಾರತದಿಂದ ನೇರ ವಿಮಾನದಲ್ಲಿ ಹೋದವರನ್ನು ಕೀನ್ಯಾ ಕೂಡ ಕೇಳುವುದಿಲ್ಲ. ಹಳದಿ ಜ್ವರ ಇರುವ ಇಥಿಯೋಪಿಯಾದ ಅಡಿಸ್ ಅಬಾಬಾದಂಥ ಕಡೆ ಇಳಿದು ಹೋದರೆ ಕೇಳಬಹುದು.

ಕೇಳುವುದು ನಮ್ಮ ದೇಶ, ನೀವು ಮರಳುವಾಗ. ಭಾರತದ ನಿಯಮ ಯಾವ ಊರಿಗೆ ಹೋಗಿದ್ದಿರಿ ಎಂದು ನೋಡುವುದಿಲ್ಲ, ಯಾವ ದೇಶ ಎಂದಷ್ಟೇ ನೋಡುತ್ತದೆ. ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಇದೆ. ಲಸಿಕೆಯ ಸರ್ಟಿಫಿಕೇಟ್ (ಹಳದಿ ಕಾರ್ಡು) ಇಲ್ಲದೆ ಮುಂಬೈಯಲ್ಲಿ ಇಳಿದರೆ 6 ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸೋಂಕು ತಗಲಿದವರಿಗೆ ಸಾಮಾನ್ಯವಾಗಿ 3ರಿಂದ 6 ದಿನದೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ, ಅದಕ್ಕೇ ಆ ಲೆಕ್ಕ. ಇಷ್ಟು ಬಿಗಿ ಮಾಡಿರುವುದು ಸರಿಯಾಗಿಯೇ ಇದೆ. ನಮ್ಮಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಸೊಳ್ಳೆ ಓಣಿ ಓಣಿಯಲ್ಲಿದೆ, ರೋಗ ಮಾತ್ರ ಇನ್ನೂ ಭಾರತಕ್ಕೆ ಕಾಲಿಟ್ಟಿಲ್ಲ.

ಲಸಿಕೆ ಒಂದೇ ಡೋಸ್. ಸರ್ಟಿಫಿಕೇಟ್ ಜಾರಿಗೆ ಬರುವುದು ಸೂಜಿ ಹಾಕಿಸಿಕೊಂಡ 10 ದಿನದ ನಂತರ. ಮರಳುವ ಹೊತ್ತಿಗೆ ಹೇಗೂ 10 ದಿನ ತುಂಬುತ್ತದಲ್ಲ ಎಂದು ಹೊರಡುವ ಹಿಂದಿನ ದಿನಗಳಲ್ಲಿ ಹಾಕಿಸಿಕೊಳ್ಳುವವರಿದ್ದಾರೆ. ಕೆಲಸ ಎರಡು ದಿನ ಮೊದಲೇ ಮುಗಿದು ಟಿಕೆಟ್ ಬದಲಾದರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಹೊರಡುವ ಮುಂಚೆಯೇ 10 ದಿನ ಪೂರ್ತಿಯಾಗಿರಲಿ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. 2016ರ ಜುಲೈನಲ್ಲಿ 10 ವರ್ಷದ ಮಿತಿ ಹೋಯಿತು, ಹಳೆಯ ಕಾರ್ಡುಗಳಿಗೂ ಇದೇ ಅನ್ವಯ.

ಇದನ್ನು ಎಲ್ಲ ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಮಾನ್ಯತೆ ಇರುವ ಕೇಂದ್ರದ ಸರ್ಟಿಫಿಕೇಟ್ ಮಾತ್ರ ನಡೆಯುತ್ತದೆ. ಕಲಬುರಗಿ, ಬೀದರ್ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ನಲ್ಲಿ ಹಾಕುತ್ತಾರೆ. ಆದರೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳದೆ ರೈಲು ಹತ್ತಬೇಡಿ. ಹಲವು ಡೋಸ್‌ಗಳ ಸೀಸೆಯನ್ನು ಒಮ್ಮೆ ಕಲಸಿದರೆ 6 ತಾಸಿನೊಳಗೆ ಖಾಲಿ ಮಾಡಬೇಕು, ಉಳಿದದ್ದನ್ನು ಎಸೆಯಬೇಕು. ಅದಕ್ಕಾಗಿ ಕೇಂದ್ರಗಳು ಜನ ಕೂಡುವಂತೆ ನಿಗದಿತ ದಿನ ಇಟ್ಟುಕೊಂಡಿರುತ್ತವೆ. ಮೂಲ ಪಾಸ್‌ಪೋರ್ಟ್ ಒಯ್ಯಿರಿ. ಹಳದಿ ಕಾರ್ಡು ಕೈಗೆ ಬಂದ ಕೂಡಲೇ, ಅಲ್ಲೇ ನಿಂತು, ಹೆಸರಿನ ಅಕ್ಷರ, ಪಾಸ್‌ಪೋರ್ಟ್ ನಂಬರು, ತಾರೀಖು, ಬ್ಯಾಚ್ ನಂಬರು, ಸಹಿ, ಮೊಹರು ನೋಡಿಕೊಳ್ಳಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ತಿದ್ದಿಸಲು ಮತ್ತೆ ಅಲ್ಲಿಗೇ ಹೋಗಬೇಕು.

ಇದು ಜೀವಂತ ವೈರಸ್ಸಿನ ಲಸಿಕೆ. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು, 60 ದಾಟಿದವರು ವೈದ್ಯರಿಗೆ ಮೊದಲೇ ಹೇಳಬೇಕು. ಮಿಕ್ಕವರಿಗೆ ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು.

ಇಷ್ಟು ಮುಗಿಸಿ ಬಹಳ ಜನ ನಿಶ್ಚಿಂತರಾಗುತ್ತಾರೆ. ಆದರೆ ಮೊಂಬಾಸಾದಲ್ಲಿ ನಿಮ್ಮ ಜೀವಕ್ಕೆ ನಿಜವಾದ ಅಪಾಯ ಮಲೇರಿಯಾದಿಂದ. ಎತ್ತರದಲ್ಲಿರುವ ನೈರೋಬಿಯಲ್ಲಿ ಅದು ಕಡಿಮೆ, ಕರಾವಳಿಯಲ್ಲಿ ಹಾಗಲ್ಲ. ಅಲ್ಲಿಯದು ಹೆಚ್ಚಾಗಿ ಫಾಲ್ಸಿಪಾರಂ, ಮಿದುಳಿಗೆ ಏರುವಂಥದ್ದು. ಮಲೇರಿಯಾದ ಹಳೆಯ ಗುಳಿಗೆ ಕ್ಲೋರೋಕ್ವಿನ್ ಇದಕ್ಕೆ ತಾಗುವುದಿಲ್ಲ. ಇಂಥ ಸಣ್ಣ ಪ್ರವಾಸಕ್ಕೆ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ: ದಿನಕ್ಕೊಂದು, ಹೊರಡುವ 2 ದಿನ ಮೊದಲಿನಿಂದ ಮರಳಿ ಬಂದ 4 ವಾರದವರೆಗೆ. ಊಟವಾದ ಮೇಲೆ ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಕೂಡಲೇ ಅಡ್ಡಾಗಬೇಡಿ. ಗುಳಿಗೆ ಅನ್ನನಾಳದಲ್ಲಿ ನಿಂತರೆ ಹುಣ್ಣಾಗುತ್ತದೆ. ಹಾಲು, ಅಸಿಡಿಟಿ ಗುಳಿಗೆ, ಕಬ್ಬಿಣಾಂಶದ ಗುಳಿಗೆಗಳಿಂದ 2 ತಾಸು ಅಂತರವಿರಲಿ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ತುಂಬುತೋಳಿನ ಅಂಗಿ ಹಾಕಿ. ಮಲೇರಿಯಾ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ, ಹಾಗಾಗಿ ಗುಳಿಗೆ ಇದ್ದರೂ ಸೊಳ್ಳೆಪರದೆ ಬಿಡಬೇಡಿ. ಕಬ್ಬಿಣದ ಕೆಲಸದವರು ನೀವು, 10 ವರ್ಷದೊಳಗೆ ಧನುರ್ವಾಯು ಸೂಜಿ ಆಗಿಲ್ಲದಿದ್ದರೆ ಅದನ್ನೂ ಹಾಕಿಸಿಕೊಳ್ಳಿ.

ಸೆಖೆಯ ಬಗ್ಗೆ ನಮ್ಮ ಭಾಗದವರಿಗೆ ಒಂದು ಧೈರ್ಯವಿದೆ: 43 ಡಿಗ್ರಿ ಕಂಡವರು, 32 ಏನು ಮಹಾ ಎಂದು. ನಮ್ಮದು ಒಣ ಬಿಸಿಲು, ಬೆವರು ಬಂದಹಾಗೆ ಆರಿ ಮೈ ತಂಪಾಗುತ್ತದೆ. ಸಮುದ್ರದಂಡೆಯ ತೇವದ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ, ಸುರಿಯುತ್ತಲೇ ಇರುತ್ತದೆ. ಮೊದಲ ಎರಡು ದಿನ ಭಾರ ಎತ್ತುವ ಕೆಲಸ ಮುಂಜಾನೆಗೇ ಇಟ್ಟುಕೊಳ್ಳಿ. ಓಆರ್‌ಎಸ್ ಪುಡಿ ಹತ್ತು ಪೊಟ್ಟಣ ಇರಲಿ, ಒಂದಕ್ಕೆ ಒಂದು ಲೀಟರ್ ಬಾಟಲಿ ನೀರು.

ಕಾಗದಪತ್ರದಲ್ಲಿ ಎಡವುವ ಜಾಗ ಒಂದೇ. ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಆನ್‌ಲೈನ್ ಇಟಿಎ (ಹೊರಡುವ ಮುಂಚೆ ಪಡೆಯುವ ಪ್ರಯಾಣದ ಅನುಮತಿ) ತಂದಿದೆ. ಮಾತುಕತೆಗೆ, ಮಾಲು ನೋಡಲು ಅದು ಸಾಕು. ಕೈಯಾರೆ ಯಂತ್ರ ಕೂಡಿಸುವುದು ಕೆಲಸವೆಂದೇ ಲೆಕ್ಕ, ಅದಕ್ಕೆ ಅಲ್ಲಿಯ ವಲಸೆ ಇಲಾಖೆಯ ಸ್ಪೆಷಲ್ ಪಾಸ್ ಬೇಕು. ಅದಕ್ಕೆ ಅರ್ಜಿ ಹಾಕಿದ್ದಾರೆಯೇ ಎಂದು ಕರೆಸಿಕೊಳ್ಳುವ ಮಿಲ್ಲಿನವರನ್ನು ಇಂದೇ ಕೇಳಿ. ಪಾಸ್‌ಪೋರ್ಟ್ ಇನ್ನೂ 6 ತಿಂಗಳು ಚಾಲ್ತಿಯಲ್ಲಿರಬೇಕು.

ಪಾನಾ, ಸ್ಕ್ರೂ ಡ್ರೈವರ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲಕ್ಕೆ. ತುಕ್ಕು ಬಿಡಿಸುವ ಸ್ಪ್ರೇ ಎರಡರಲ್ಲೂ ಒಯ್ಯುವಂತಿಲ್ಲ. ಹೊಸ ಬೇರಿಂಗ್, ಬೆಲ್ಟ್ ಇದ್ದರೆ ಬಿಲ್ಲು ಜೊತೆಗಿರಲಿ. ಕರೆಂಟು ಹೆಚ್ಚುಕಡಿಮೆ ನಮ್ಮ ಹಾಗೆಯೇ, 240 ವೋಲ್ಟ್, 50 ಹರ್ಟ್ಸ್. ಆದರೆ ಪ್ಲಗ್ಗಿನದು ಚಪ್ಪಟೆ ಮೂರು ಪಿನ್ನು, ಅಡಾಪ್ಟರ್ ಬೇಕು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಟು ದಿನ ಕೆಡದೆ ಬರುತ್ತವೆ. ಅವನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಬೇಡಿ. 2017ರಿಂದ ಅಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಿದೆ, ಡಬ್ಬಿಯೋ ಬಟ್ಟೆ ಚೀಲವೋ ಆಗಲಿ. ಬರುವಾಗ ಅಲ್ಲಿಯ ತೊಗರಿ ತೋರಿಸೋಣವೆಂದು ಒಂದು ಮುಷ್ಟಿ ಕಾಳು ಜೇಬಿಗೆ ಹಾಕಿಕೊಳ್ಳುವ ಆಸೆ ಆಗುತ್ತದೆ; ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ತರುವಂತಿಲ್ಲ. ಹೊರಗಿನ ಕೀಟ, ರೋಗ ನಮ್ಮ ತೊಗರಿ ಹೊಲಕ್ಕೆ ಇಳಿದರೆ ತೆಗೆಯಲಾಗದು, ಫೋಟೋ ತನ್ನಿ.

ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ, ಗುಳಿಗೆ ಸರಿಯಾಗಿ ನುಂಗಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ. ಕೀನ್ಯಾಕ್ಕೆ ಹೋಗಿದ್ದೆ ಎಂದು ಮೊದಲು ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಒಮ್ಮೆ ನೆಗೆಟಿವ್ ಬಂದು ಜ್ವರ ಇಳಿಯದಿದ್ದರೆ 12ರಿಂದ 24 ತಾಸಿನಲ್ಲಿ ಮತ್ತೆ ಮಾಡಿಸಿ.