ಕಲೆಗೆ ಮೊದಲು ತಣ್ಣೀರು, ಕೊನೆಗೆ ಬಿಸಿಲು

ರಕ್ತದ ಕಲೆಗೆ ಬಿಸಿನೀರು ಮುಟ್ಟಿಸಬೇಡ ಎಂದು ಅಜ್ಜಿಯರು ಹೇಳುತ್ತಿದ್ದರು. ಕಾರಣ ಕೇಳಿದರೆ ಬಹುಶಃ "ಕಲೆ ಕೂತುಬಿಡುತ್ತೆ" ಎನ್ನುವಷ್ಟೇ ಉತ್ತರ. ಆ ಮಾತು ಅಕ್ಷರಶಃ ನಿಜ. ರಕ್ತದಲ್ಲಿರುವುದು ಪ್ರೋಟೀನ್. ಬೇಯಿಸಿದ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವಂತೆ ಇದೂ ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ನೂಲಿನ ಎಳೆಯೊಳಗೇ ಹೆಪ್ಪುಗಟ್ಟುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಕಂದು ಬಣ್ಣ ಉಳಿದೇ ಉಳಿಯುತ್ತದೆ. ಹಾಲು, ಮೊಟ್ಟೆ, ಬೆವರಿಗೂ ಇದೇ ನಿಯಮ.

ಹಸಿ ರಕ್ತದ ಕಲೆಯಾದರೆ ಬಟ್ಟೆಯನ್ನು ತಿರುವಿ, ಹಿಂಬದಿಯಿಂದ ತಣ್ಣೀರಿನ ಧಾರೆ ಬಿಡಿ. ಎದುರಿನಿಂದ ಬಿಟ್ಟರೆ ಕಲೆ ಇನ್ನಷ್ಟು ಒಳಗಿಳಿಯುತ್ತದೆ, ಹಿಂದಿನಿಂದ ಬಿಟ್ಟರೆ ಬಂದ ದಾರಿಯಲ್ಲೇ ಹೊರಬೀಳುತ್ತದೆ. ಒಣಗಿದ ಕಲೆಯಾದರೆ ಒಂದು ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ, ಅರ್ಧ ಗಂಟೆ ನೆನೆಹಾಕಿ. ನೀರು ಕೆಂಪಾದರೆ ಚೆಲ್ಲಿ, ಹೊಸ ನೀರು ಹಾಕಿ. ಕಲೆ ತಿಳಿಯಾದ ಮೇಲಷ್ಟೇ ಸೋಪು. ಬಿಳಿ ಹತ್ತಿ ಬಟ್ಟೆಯಲ್ಲಿ ಇನ್ನೂ ಮಬ್ಬು ಉಳಿದಿದ್ದರೆ 3 ಪ್ರತಿಶತದ ಹೈಡ್ರೋಜನ್ ಪೆರಾಕ್ಸೈಡ್ ನಾಲ್ಕು ಹನಿ ಬಿಡಿ. ನೊರೆ ಎದ್ದು ನಿಂತ ಮೇಲೆ ಜಾಲಿಸಿ. ಬಣ್ಣದ ಬಟ್ಟೆಗೆ ಅದನ್ನು ಹಾಕುವ ಮುನ್ನ ಒಳ ಹೊಲಿಗೆಯ ಅಂಚಿನಲ್ಲಿ ಪರೀಕ್ಷಿಸಿಕೊಳ್ಳಲೇಬೇಕು.

ಜಿಡ್ಡಿನ ಕಲೆಗೆ ಕ್ರಮ ಬೇರೆ. ಇಲ್ಲಿ ಜನ ಮಾಡುವ ಮೊದಲ ತಪ್ಪೇ ನೀರು ಹಾಕುವುದು. ನೀರು ಎಳೆಗಳಲ್ಲಿ ತುಂಬಿಕೊಂಡರೆ ಎಣ್ಣೆಯನ್ನು ಹೀರಿ ತೆಗೆಯಲು ಬರುವುದಿಲ್ಲ. ಒಣ ಬಟ್ಟೆಯ ಮೇಲೆಯೇ ಟಾಲ್ಕಂ ಪೌಡರ್ ಅಥವಾ ಚಾಕ್ ಪುಡಿಯನ್ನು ದಪ್ಪವಾಗಿ ಉದುರಿಸಿ, ಇಪ್ಪತ್ತು ನಿಮಿಷ ಬಿಡಿ. ಪುಡಿ ಎಣ್ಣೆ ಹೀರಿ ಉಂಡೆಯಾಗಿರುವುದು ಕಣ್ಣಿಗೇ ಕಾಣುತ್ತದೆ. ಕೊಡವಿ, ಕಲೆ ಇರುವಷ್ಟೇ ಜಾಗಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ನೀರು ಬೆರೆಸದೆ ಬೆರಳಿನಿಂದ ಸವರಿ, ಹತ್ತು ನಿಮಿಷ ಕಾಯಿರಿ. ಆಮೇಲೆ ಬಟ್ಟೆ ತಡೆಯುವಷ್ಟು ಬಿಸಿನೀರಿನಲ್ಲಿ ಒಗೆಯಿರಿ. ಒದ್ದೆ ಬಟ್ಟೆಯಲ್ಲಿ ಜಿಡ್ಡಿನ ಕಲೆ ಕಾಣುವುದಿಲ್ಲ, ಹೋಯಿತೆಂದು ನಂಬಿ ಇಸ್ತ್ರಿ ಹಾಕಿಬಿಡುತ್ತೇವೆ. ಶಾಖಕ್ಕೆ ಅದು ಹಳದಿಗಟ್ಟಿ ಖಾಯಂ ಆಗುತ್ತದೆ. ನೆರಳಲ್ಲಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿ. ಕಲೆ ಇದ್ದರೆ ಮತ್ತೊಮ್ಮೆ ಮೊದಲಿನಿಂದ.

ಚಹಾ, ಹಣ್ಣಿನ ರಸದ ಕಲೆ ಮೂಡಿಸುವುದು ಟ್ಯಾನಿನ್ ಎಂಬ ಒಗರು ಪದಾರ್ಥ ಮತ್ತು ಸಸ್ಯದ ಬಣ್ಣ. ಇದಕ್ಕೆ ಹುಳಿ ಬೇಕು. ಒಂದು ಪಾಲು ಬಿಳಿ ವಿನೆಗರ್‌ಗೆ ಎರಡು ಪಾಲು ನೀರು ಸೇರಿಸಿ, ಹದಿನೈದು ನಿಮಿಷ ನೆನೆಸಿ, ಆಮೇಲೆ ಡಿಟರ್ಜೆಂಟ್ ಹಾಕಿ ಒಗೆಯಿರಿ. ಸೋಪಿನ ಬಿಲ್ಲೆಯನ್ನು ನೇರವಾಗಿ ತಿಕ್ಕಿದರೆ ಟ್ಯಾನಿನ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಾಲು ಬೆರೆತ ಚಹಾ ಆದರೆ ಒಂದೇ ಜಾಗದಲ್ಲಿ ಎರಡು ಕಲೆಗಳಿವೆ ಎಂದು ತಿಳಿಯಿರಿ. ಮೊದಲು ತಣ್ಣೀರಿನಲ್ಲಿ ಹಾಲು ಹೋಗಲಿ, ಹುಳಿಯ ಸರದಿ ಆಮೇಲೆ.

ಅರಿಶಿನದ ಕಲೆ ಹೆದರಿಸುವಷ್ಟು ಬೇರಾವ ಕಲೆಯೂ ಹೆದರಿಸುವುದಿಲ್ಲ. ಸೋಪು ಹಚ್ಚಿದ ಕೂಡಲೇ ಹಳದಿ ಹೋಗಿ ರಕ್ತಗೆಂಪಾಗುತ್ತದೆ. ಬಟ್ಟೆ ಹಾಳಾಯಿತೆಂದು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಹಾಳಾಗಿರುವುದಿಲ್ಲ. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಸೋಪಿನ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿ. ಒಗೆದ ಮೇಲೂ ಉಳಿಯುವ ಹಳದಿಗೆ ಬಿಸಿಲು ಒಳ್ಳೆಯ ಮದ್ದು, ಏಕೆಂದರೆ ಬೆಳಕಿಗೆ ಕರ್ಕ್ಯುಮಿನ್ ಒಡೆದುಹೋಗುತ್ತದೆ. ಬಟ್ಟೆ ಒದ್ದೆಯಿರುವಾಗಲೇ ಕಲೆ ಮೇಲೆ ಬರುವಂತೆ ಬಿಸಿಲಿಗೆ ಹರವಿ, ಅಗತ್ಯವಿದ್ದರೆ ಎರಡು ಮೂರು ದಿನ ಹೀಗೇ ಮಾಡಿ. ಅಜ್ಜಿಯರು ಕಲೆ ಬಿದ್ದ ಬಟ್ಟೆಯನ್ನು ಬಿಸಿಲಿಗೆ ಹಾಕುತ್ತಿದ್ದುದು ಬರೀ ಒಣಗಲೆಂದಲ್ಲ.

ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಸಾಕು. ನಿಂಬೆಯ ಸಿಟ್ರಿಕ್ ಆಮ್ಲ ಕಬ್ಬಿಣವನ್ನು ಹಿಡಿದು ನೀರಿಗೆ ಬಿಡಿಸುತ್ತದೆ. ಬಿಳಿ ಬಟ್ಟೆಗೆ ಹಚ್ಚಿ, ಒಣಗದಂತೆ ನೋಡಿಕೊಂಡು ಒಂದು ಗಂಟೆ ಬಿಸಿಲಲ್ಲಿಡಿ. ಇಲ್ಲಿ ಕ್ಲೋರಿನ್ ಬ್ಲೀಚ್ ಹಾಕಿದರೆ ತುಕ್ಕು ತಿಳಿಯಾಗುವ ಬದಲು ಇನ್ನಷ್ಟು ಗಾಢವಾಗುತ್ತದೆ.

ಹಿರಿಯರ ಮಾತೆಲ್ಲ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ, ಅದನ್ನೂ ಹೇಳಬೇಕು. ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲವೆಂಬ ನಂಬಿಕೆ ಬಣ್ಣ ಹಾಕುವವರ ತೊಟ್ಟಿಯಿಂದ ಬಂದಿರಬೇಕು. ಅಲ್ಲಿ ಉಪ್ಪು ಬಣ್ಣವನ್ನು ಹತ್ತಿಯ ಕಡೆಗೆ ತಳ್ಳುತ್ತದೆ. ಆದರೆ ಸರಿಯಾಗಿ ಹಿಡಿಯದ ಬಣ್ಣವನ್ನು ಮನೆಯ ಬಕೆಟ್ಟಿನ ಉಪ್ಪು ಕಟ್ಟಿಹಾಕಲಾರದು. ಅಂಥ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಿನಲ್ಲಿ ಒಗೆಯುವುದೇ ದಾರಿ. ಅಡುಗೆ ಸೋಡಾ, ವಿನೆಗರ್ ಎರಡನ್ನೂ ಬೆರೆಸಿ ನೊರೆ ಎಬ್ಬಿಸುವುದೂ ಅಷ್ಟೇ. ಕ್ಷಾರ ಮತ್ತು ಹುಳಿ ಒಂದನ್ನೊಂದು ಕಳೆದುಕೊಳ್ಳುತ್ತವೆ, ಉಳಿಯುವುದು ಹೆಚ್ಚುಕಡಿಮೆ ಉಪ್ಪಿನಂಥ ನೀರು. ಇನ್ನು ಬ್ಲೀಚಿಗೆ ವಿನೆಗರ್ ಅಥವಾ ನಿಂಬೆರಸ ಸೇರಿಸಲೇಬೇಡಿ. ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ.

ರೇಷ್ಮೆ, ಉಣ್ಣೆಯ ಎಳೆಗಳು ಸ್ವತಃ ಪ್ರೋಟೀನ್. ಒಗೆಯುವ ಸೋಡಾ ಅವನ್ನು ಪೆಡಸಾಗಿಸುತ್ತದೆ, ಕ್ಲೋರಿನ್ ಬ್ಲೀಚ್ ಕರಗಿಸಿಯೇ ಬಿಡುತ್ತದೆ. ಇವಕ್ಕೆ ಅಂಟುವಾಳವೇ ಸರಿ. ಬೀಜ ತೆಗೆದ ಹತ್ತು ಕಾಯಿಗಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಕಿವುಚಿ, ಸೋಸಿಕೊಳ್ಳಿ. ಸೋಸದೆ ಬಳಸಿದರೆ ಸಿಪ್ಪೆಯ ಕಂದು ಬಿಳಿ ರೇಷ್ಮೆಗೆ ಹತ್ತುತ್ತದೆ. ಬಟ್ಟೆಯನ್ನು ಅದ್ದಿ, ಅಂಗೈಯಲ್ಲಿ ಒತ್ತಿ ಒತ್ತಿ ತೊಳೆಯಿರಿ, ತಿರುಚಿ ಹಿಂಡಬೇಡಿ. ದಪ್ಪ ಟವೆಲ್ಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೆರಳಿನಲ್ಲಿ ಹರವಿ.